ವಾರೆ ಹೆಸರು

ರೇಡಿಯೋ ಮಾವ ಅಂಗಡಿಯಿಂದ ಓಡೋಡಿ ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದರು. ಕೈಯಲ್ಲಿ ಹೊಸ ಟಾರ್ಚು, ಅದರ ಮೈಮೇಲೆ ಅವರ ಹಳೆಯ ಕಂಪನಿಯ ಹೆಸರು.

"ನೋಡಮ್ಮ, ನೋಡು! ನಮ್ಮ ಕಂಪನಿ ಮತ್ತೆ ಶುರುವಾಗಿದೆ!"

ಸೊಸೆ ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ. ಆ ಹೆಸರನ್ನು ಒತ್ತಿದವಳೇ ಅವಳು.

ಕೇರಿಯವರು ಮಾವನಿಗೆ ರೇಡಿಯೋ ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮೀಸೆ ಮೂಡಿದಾಗಿನಿಂದ ತಲೆ ನರೆಯುವವರೆಗೆ ಒಂದೇ ರೇಡಿಯೋ ಕಂಪನಿಯಲ್ಲಿ ದುಡಿದವರು. ಅದು ಬಾಗಿಲು ಹಾಕಿಕೊಂಡು ಹೋದ ಮೇಲೂ 'ನಮ್ಮ ಕಂಪನಿ' ಎನ್ನುವುದನ್ನು ಬಿಟ್ಟವರಲ್ಲ. ಎದುರಾಳಿ ಕಂಪನಿಯ ರೇಡಿಯೋ ಹಾಡುವ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಸೊಸೆ ಯಾವುದೋ ಕಾರ್ಖಾನೆಗೆ ಹೋಗುವುದು ಅವರಿಗೆ ಗೊತ್ತಿತ್ತು, ಅಲ್ಲಿ ಏನು ತಯಾರಾಗುತ್ತದೆಂದು ಗೊತ್ತಿರಲಿಲ್ಲ. ಅಲ್ಲಿ ರಾಶಿ ರಾಶಿ ಬೋಳು ಟಾರ್ಚುಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳು. ಯಾವ ಹೆಸರಿಗೆ ಆರ್ಡರ್ ಬಂದಿದೆಯೋ ಆ ಹೆಸರಿನ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ, ಕೆಲಸದವರೆಲ್ಲ 'ತೊಟ್ಟಿಲು' ಎನ್ನುವ ಗುಳಿಯಲ್ಲಿ ಟಾರ್ಚನ್ನು ಮಲಗಿಸಿ ಒತ್ತುವುದು ಅವಳ ಕೆಲಸ. ಟಿವಿಯಲ್ಲಿ ಹೆಸರು ಮಾಡಿದ ಕಂಪನಿ, ಫ್ಯಾನಿನಲ್ಲಿ ಹೆಸರು ಮಾಡಿದ ಕಂಪನಿ, ಬದುಕಿರುವುದು, ಸತ್ತದ್ದು, ಎಲ್ಲವೂ ಅಲ್ಲಿಗೆ ಹೆಸರು ಕಡ ಕೊಟ್ಟಿದ್ದವು. ಮಾವನ ಕಂಪನಿಯ ಅಚ್ಚು ಬಂದ ದಿನವೇ ಮನೆಯಲ್ಲಿ ಹೇಳಬೇಕೆಂದುಕೊಂಡಿದ್ದಳು. ನಾಲಿಗೆ ಏಳಲಿಲ್ಲ.

"ಅದು ಅಸಲಿ ಅಂತ ಹೇಗೆ ಹೇಳ್ತೀರಿ ಮಾವ? ಯಾರೋ ಹೆಸರು ಹಾಕ್ಕೊಂಡಿರಬಹುದು."

ಮಾವ ನಕ್ಕರು. "ಹೆಸರು ವಾರೆಯಾಗಿದೆ ನೋಡು, ಬಲಗಡೆ ಒಂಚೂರು ಮೇಲಕ್ಕೆ. ನಮ್ಮ ರೇಡಿಯೋ ಮೇಲೂ ಹೀಗೇ ಇರ್ತಿತ್ತು. ಹೆಸರಿನ ತಗಡು ಕೂರಿಸೋ ಚೌಕಟ್ಟು ಮೊದಲಿಂದಲೂ ಸೊಟ್ಟ. ಸರಿ ಮಾಡಿದ್ರೆ ಕಂಪನಿಯ ಅದೃಷ್ಟ ಹೋಗುತ್ತೆ ಅಂತ ಯಾರೂ ಮುಟ್ಟಲಿಲ್ಲ. ನಕಲಿಯವರು ನೆಟ್ಟಗೆ ಹಾಕ್ತಾರೆ ಕಣಮ್ಮ! ಇದು ನಮ್ಮವರದೇ ಕೈ."

ಸೊಸೆ ಕಣ್ಣು ಕಣ್ಣು ಬಿಟ್ಟಳು. ಆ ವಾರೆ ಅವಳ ತಪ್ಪು. ಅವತ್ತು ತೊಟ್ಟಿಲು ಸರಿಯಾಗಿ ಕೂತಿರಲಿಲ್ಲ. ಅವಳು ಗಮನಿಸುವಷ್ಟರಲ್ಲಿ ಪೆಟ್ಟಿಗೆಗಳು ಅಂಗಡಿ ಸೇರಿದ್ದವು. ಸೂಪರ್‌ವೈಸರ್ ಬೈದ ಬೈಗುಳ ಇನ್ನೂ ಕಿವಿಯಲ್ಲಿತ್ತು. ಬೈಸಿಕೊಂಡ ತಪ್ಪೇ ಮನೆಗೆ ಬಂದು ಅಸಲಿತನಕ್ಕೆ ಸಾಕ್ಷಿ ಹೇಳಿದರೆ ಮನುಷ್ಯರು ಏನು ತಾನೇ ಮಾಡಬೇಕು?

ಹೇಳಿದರೆ ಮುದುಕರ ಎದೆ ಒಡೆಯುತ್ತದೆ. ಹೇಳದಿದ್ದರೆ ನಾಲ್ಕು ಜನರ ಮುಂದೆ ನಗೆಪಾಟಲಾಗುತ್ತಾರೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ ಎಂದು ಅವಳು ನಿಂತಿರುವಾಗಲೇ ಮಾವ ಫೋನು ಹಿಡಿದಾಗಿತ್ತು. ಆ ಕಡೆ ಅವರ ಹಳೆಯ ಜೊತೆಗಾರ, ಬೆಸುಗೆ ವಿಭಾಗದವರು.

"ಲೇ, ಟಾರ್ಚಿನ ಡಬ್ಬದ ಮೇಲೆ ಕಾರ್ಖಾನೆ ವಿಳಾಸ ಇದೆ. ನಾಳೆ ಹೋಗಿ ಕೆಲಸ ಕೇಳೋಣ. ಕೂತು ಕೂತು ಸಾಕಾಗಿದೆ. ಹಳಬರು ಬೇಕೇ ಬೇಕು ಅವರಿಗೆ!" ಆಮೇಲೆ ಸೊಸೆಯ ಕಡೆ ತಿರುಗಿ, "ನಿಮ್ಮ ಕಾರ್ಖಾನೆಯ ರಸ್ತೆಯಲ್ಲೇ ಇದೆಯಲ್ಲಮ್ಮ, ನೀನು ನೋಡೇ ಇಲ್ವಾ?" ಎಂದರು.

"ಇಲ್ಲ ಮಾವ," ಎಂದಳು. ಯಾಕೆ ಹಾಗೆ ಅಂದಳೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಇಬ್ಬರು ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನ ಮುಂದೆ ಹಾಜರು. ವಾಚ್‌ಮನ್ ಒಬ್ಬರನ್ನು ಮಾತ್ರ ಒಳಗೆ ಬಿಟ್ಟ. ಮಾವ ಬಂದವರೇ ಯಂತ್ರದ ಮುಂದೆ ಸೊಸೆಯನ್ನು ಕಂಡು ಗಕ್ಕನೆ ನಿಂತರು. ಅವಳು ಆಗ ಒತ್ತುತ್ತಿದ್ದದ್ದು, ಹಾಳಾದ್ದು, ಎದುರಾಳಿ ಕಂಪನಿಯ ಹೆಸರು.

"ನೀನಿಲ್ಲಿ? ಇದು ಅವರ ಕಾರ್ಖಾನೆಯಾ?"

"ಯಾರದೂ ಅಲ್ಲ ಮಾವ. ಟಾರ್ಚು ಎಲ್ಲಾ ಒಂದೇ. ಇವತ್ತು ಅವರ ಹೆಸರು. ಮೊನ್ನೆ ನಿಮ್ಮದು ಒತ್ತಿದ್ದೆ."

ಮಾವ ಒಂದು ಕೈಯಲ್ಲಿ ಬೋಳು ಟಾರ್ಚು, ಇನ್ನೊಂದರಲ್ಲಿ ಹೆಸರಿನ ಟಾರ್ಚು ಎತ್ತಿಕೊಂಡರು. ತೂಗಿ ನೋಡಿದರು, ಎರಡನ್ನೂ ಹಚ್ಚಿ ನೋಡಿದರು.

"ನಮ್ಮ ಹೆಸರು ಇವರ ಕೈಗೆ ಹೇಗೆ ಬಂತು?"

"ಬಾಡಿಗೆಗೆ ಕೊಡ್ತಾರೆ ಮಾವ."

"ಮನೆ ಬಾಡಿಗೆಗೆ ಕೊಟ್ಟವನು ಬೇರೆ ಮನೇಲಿರ್ತಾನೆ. ಹೆಸರು ಬಾಡಿಗೆಗೆ ಕೊಟ್ಟವನು ಎಲ್ಲಿರ್ತಾನಮ್ಮ?"

ಅವಳು ತೊಟ್ಟಿಲಲ್ಲಿದ್ದ ಟಾರ್ಚನ್ನು ಎತ್ತಿ ಪಕ್ಕಕ್ಕಿಟ್ಟಳು.

"ಮತ್ತೆ ಆ ವಾರೆ?"

"ನನ್ನ ತಪ್ಪು. ನಿನ್ನೆಯೇ ಹೇಳಬೇಕಿತ್ತು. ಬಾಯಿ ಬರಲಿಲ್ಲ ಮಾವ."

ಮಾವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. "ಹಾಗಾದ್ರೆ ಇಷ್ಟು ವರ್ಷ ನಾನು ಜಗಳ ಆಡಿದ್ದು ಯಾರ ಜೊತೆ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡು, ಟಾರ್ಚುಗಳನ್ನು ಇದ್ದ ಜಾಗದಲ್ಲೇ ಇಟ್ಟು, ಬಾಗಿಲ ಕಡೆ ನಡೆದರು. ಅವರ ನಡಿಗೆ ನೋಡಿ ಅವಳು ಯಂತ್ರ ನಿಲ್ಲಿಸಿ ಹಿಂದೆಯೇ ಹೋದಳು.

ಬೆಸುಗೆಯವರು ಗೇಟಿನ ಕಂಬಿ ಹಿಡಿದು ಕಾಯುತ್ತಿದ್ದರು. "ಏನಯ್ಯ, ನಮ್ಮದೇನಾ?"

ಮಾವ ಗೆಳೆಯನ ಮುಖ ನೋಡಿದರು, ಸೊಸೆಯ ಕೈಗೆ ಮೆತ್ತಿದ್ದ ಶಾಯಿಯನ್ನೂ ನೋಡಿದರು.

"ನಮ್ಮದೇ."

"ತಗೋತಾರಂತಾ ನಮ್ಮನ್ನ?"

"ಜಾಗ ಇಲ್ಲ ಕಣೋ. ನಮ್ಮನೆಯಿಂದ ಆಗಲೇ ಇವಳನ್ನ ತಗೊಂಡ್ಬಿಟ್ಟಿದಾರೆ. ಹೆಸರು ಹಾಕೋ ಕೆಲಸ."

ಬೆಸುಗೆಯವರ ಮುಖ ಒಂದು ಗಳಿಗೆ ಬಾಡಿ, ಮತ್ತೆ ಅರಳಿತು. "ಹೋಗ್ಲಿ ಬಿಡು. ನಮ್ಮವರು ಅಂತ ಒಬ್ಬರಾದ್ರೂ ಒಳಗಿದ್ದಾರಲ್ಲ. ಅಲ್ವೇನಮ್ಮ?"

ಮಾವ ಸುಳ್ಳು ಹೇಳಿದರೋ, ನಿಜವೇ ಹೇಳಿದರೋ, ಅವಳಿಗೆ ಬಗೆಹರಿಯಲಿಲ್ಲ. ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹೂಂ," ಎಂದಳು.