ಎಡಿವಾಳ ಅಣ್ಣ

"ಅಳು ಬರದಿದ್ರೆ ಈರುಳ್ಳಿ ತಂದಿದೀನಿ, ಕೊಡ್ಲಾ?" ನೆರೆಮನೆಯ ಗುನ್ನಿಲ್ಡಾ ಎಡಿವಾಳ ಕಿವಿಯಲ್ಲಿ ಕೇಳಿದಳು.

"ಬಾಯಿ ಮುಚ್ಚೇ."

ಹೊಳೆದಂಡೆಯ ಜೊಂಡಿನ ಪಕ್ಕ ಅಪರಿಚಿತನೊಬ್ಬನ ಹೆಣ ಮಲಗಿತ್ತು. ತಲೆಯ ಹಿಂದೆ ಏಟು. ಅದು ಸಿಕ್ಕ ದಿನ ಇಡೀ ಊರು ಬೊಬ್ಬೆ ಹಾಕುತ್ತ, ಕೋಲು ಹಿಡಿದು ಕೊಲೆಗಾರನ ಬೆನ್ನಟ್ಟಿ ಹೋಗಿ, ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬರಿಗೈಯಲ್ಲಿ ಬಂದಿತ್ತು. ಇಂಗ್ಲಿಷರ ನಾಡು ಗೆದ್ದು ಆಳುತ್ತಿದ್ದ ಫ್ರೆಂಚ್ ರಾಜನ ಕಾನೂನು ಎಲ್ಲರಿಗೂ ಬಾಯಿಪಾಠ. ಕೊಲೆಯಾದ ಹೆಣ ಸಿಕ್ಕರೆ ಅದು ಫ್ರೆಂಚರವನದೇ ಎಂದು ಲೆಕ್ಕ. ಕೊಂದವನು ಸಿಗದಿದ್ದರೆ ಊರಿಗೆಲ್ಲ ದಂಡ. ಸತ್ತವನು ಇಂಗ್ಲಿಷಿನವನೆಂದು ಅವನ ರಕ್ತಸಂಬಂಧಿ ಆಣೆ ಮಾಡಿದರೆ ಮಾತ್ರ ಬಚಾವು. ಹೋದ ಸಲದ ದಂಡಕ್ಕೆ ಊರಿನ ಅರ್ಧ ಎತ್ತುಗಳೇ ಹೋಗಿದ್ದವು.

ಆದರೆ ಯಾರಿಗೆ ಯಾರು ಚಿಕ್ಕಪ್ಪ, ಯಾರು ಷಡ್ಡಕ ಎನ್ನುವುದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು; ಸುಳ್ಳು ನಂಟು ಹೇಳಿದರೆ ಸಿಕ್ಕಿಬೀಳುವುದು ಖಂಡಿತ. ಹಿಂದುಮುಂದು ಯಾರಿಗೂ ಗೊತ್ತಿಲ್ಲದವಳು ಎಡಿವಾ ಒಬ್ಬಳೇ. ನೆರೆ ಬಂದ ವರ್ಷ ಚರ್ಚಿನ ಬಾಗಿಲಲ್ಲಿ ಸಿಕ್ಕ ಕೂಸು. ಜಗಳವಾದಾಗಲೆಲ್ಲ "ನೆರೆ ತಂದ ಕಸ" ಅನ್ನಿಸಿಕೊಂಡವಳು. ಹಾಗೆ ಅಂದವರೇ ನಿನ್ನೆ ಅವಳ ಹೊಸ್ತಿಲಿಗೆ ಬಂದಿದ್ದರು.

"ಅಕ್ಕಾ, ಎತ್ತು ಉಳಿಸಿಕೊಡು," ಎಂದಿದ್ದ ಊರಿನ ಮುಖ್ಯಸ್ಥ ಆಲ್ವಿನ್.

"ಓಹೋ, ಇವತ್ತು ಅಕ್ಕನಾ? ಸುಳ್ಳು ಆಣೆ ಮಾಡಿ ನಾನು ನರಕಕ್ಕೆ ಹೋಗ್ಬೇಕು, ನೀವು ಎತ್ತು ಹೊಡ್ಕೊಂಡು ಹೊಲಕ್ಕೆ ಹೋಗ್ತೀರಾ?"

"ಸುಳ್ಳು ಅಂತ ನಿಂಗೆ ಹೇಗೆ ಗೊತ್ತು? ನಿಮ್ಮಪ್ಪನಿಗೆ ಎಷ್ಟು ಮಕ್ಕಳು ಅಂತ ನೀನೇನು ಕಂಡಿದೀಯಾ?"

ಎಡಿವಾ ಹೊಸ್ತಿಲ ಮೇಲೆ ಕೂತಳು.

"ಹಾಗಾದ್ರೆ ಕೇಳು. ಅಣ್ಣ ಅಂದ್ಮೇಲೆ ಅಣ್ಣನೇ. ಮಣ್ಣಿಗೆ ಎಲ್ಲಾರೂ ಬರ್ಬೇಕು. ಆಮೇಲೆ ನಮ್ಮನೇಲಿ ಕೂತು, ಅವನ ಬಗ್ಗೆ ಒಳ್ಳೇದು ನಾಕು ಮಾತಾಡ್ಬೇಕು."

"ಅವನ ಬಗ್ಗೆ ನಮಗೇನು ಗೊತ್ತು?"

"ನನ್ನ ಬಗ್ಗೆ ಏನೂ ಗೊತ್ತಿಲ್ದೆ ಇಷ್ಟು ವರ್ಷ ಮಾತಾಡಿಲ್ವಾ?"

ಈಗ ಹೊಳೆದಂಡೆಯಲ್ಲಿ ರಾಜನ ಅಧಿಕಾರಿ ಕುದುರೆಯಿಂದಿಳಿದು ಕೇಳಿದ: "ಇವನಿಗೆ ಸಂಬಂಧಿಕರು ಯಾರಾದರೂ ಇದ್ದಾರೋ?"

ಎಡಿವಾ ಹೆಣದ ಬಳಿ ಕುಕ್ಕರಗಾಲಲ್ಲಿ ಕುಳಿತಳು. ಅವನ ಮೂಗು ಕೊಂಚ ಸೊಟ್ಟ, ತನ್ನದೂ ಸೊಟ್ಟವೇ. ಕೆನ್ನೆಗೆ ಅಂಟಿದ ಕೆಸರನ್ನು ತೋಳಿನ ಬಟ್ಟೆಯಿಂದ ಒರೆಸಿದಳು. ಕಿವಿಯ ಹಿಂದಿನದನ್ನೂ ಒರೆಸಿದಳು. ಈರುಳ್ಳಿ ಬೇಕಾಗಲಿಲ್ಲ.

"ಎಡ್ರಿಕ್, ಸ್ವಾಮಿ. ನಮ್ಮಣ್ಣ. ಇಂಗ್ಲಿಷಿನವನೇ," ಎಂದು ಶಿಲುಬೆ ಮುಟ್ಟಿ ಆಣೆ ಮಾಡಿದಳು. ಅಧಿಕಾರಿ ಸುತ್ತ ನೋಡಿದ. ಇಡೀ ಊರು ಒಟ್ಟಿಗೆ ತಲೆಯಾಡಿಸಿತು.

ಅಂದು ಸಂಜೆ, ಮಣ್ಣಾದ ಮೇಲೆ, ಅವಳ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಯಾರೋ ರೊಟ್ಟಿ ತಂದರು, ಯಾರೋ ಬಾರ್ಲಿ ಹೆಂಡ ತಂದರು.

"ಚಿಕ್ಕಂದಿನಲ್ಲಿ ನಮ್ಮ ಎಡ್ರಿಕ್ ಬಲು ತುಂಟ," ಎಂದ ಆಲ್ವಿನ್, ಕೊಟ್ಟ ಮಾತಿನಂತೆ.

"ನಿನ್ನಷ್ಟಲ್ಲ ಬಿಡು," ಎಂದಳು ಗುನ್ನಿಲ್ಡಾ.

"ತುಂಟ ಏನಲ್ಲ," ಎಡಿವಾ ಹೂಜಿ ಎತ್ತಿಕೊಳ್ಳುತ್ತ ನಡುವೆ ಬಾಯಿ ಹಾಕಿದಳು. "ನಾನಂದ್ರೆ ಹೆದರ್ತಿದ್ದ."

ಎಲ್ಲರೂ ನಕ್ಕರು. ಒಲೆಯ ಪಕ್ಕ, ಹೂಳುವ ಮುಂಚೆ ಬಿಚ್ಚಿ ತಂದಿದ್ದ ಎಡ್ರಿಕ್‌ನ ಒದ್ದೆ ಜೋಡುಗಳು ಒಣಗುತ್ತಿದ್ದವು. ಹೆಂಡ ಬಗ್ಗಿಸುತ್ತ ಹೊರಟವಳು ಅಲ್ಲಿ ನಿಂತು, ಇನ್ನೊಂದು ಮಗ್ಗುಲಿಗೂ ಶಾಖ ತಾಗಲೆಂದು ಅವನ್ನು ತಿರುಗಿಸಿಟ್ಟಳು.