ಮೂರನೆಯ ಸ್ವಿಚ್ಚು

೧೯೮೮ನೇ ಇಸವಿ ಅಕ್ಟೋಬರ್ ೨೧, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ದಸರೆಯ ರಜೆ ಮುಗಿದು ಹರಿಹರದ ಬಿಡಿಭಾಗಗಳ ಕಾರ್ಖಾನೆ ಬಾಗಿಲು ತೆರೆದಿತ್ತು. ದಾವಣಗೆರೆಯ ವಿನೋಬನಗರದಿಂದ ಬಸ್ಸಿನಲ್ಲಿ ಬಂದ ಖುರ್ಷೀದಾ ಯೂನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರಿನಿಂದ ಪ್ರಿಂಟರಿಗೆ ಮೊದಲ ಹಾಳೆ ಕಳಿಸಿದಳು. ಅಚ್ಚಾದ ಪ್ರತಿ ಸಾಲೂ ಹಿಂದಿನ ಸಾಲು ನಿಂತ ಕಡೆಯಿಂದಲೇ ಶುರುವಾಗಿ, ಮೆಟ್ಟಿಲಿಳಿದಂತೆ ಬಲಕ್ಕೆ ಸರಿಯುತ್ತ ಹೋಯಿತು.

"ಜಾರುಬಂಡಿ ಆಡ್ತೈತಲ್ರೀ ಮೇಡಂ!" ಅಟೆಂಡರ್ ಮಾಳಿಂಗಪ್ಪ ನಕ್ಕ.

ಪಕ್ಕದಲ್ಲಿದ್ದ, ಡಾಸ್ ಎಂಬ ಬೇರೆ ವ್ಯವಸ್ಥೆಯ ಕಂಪ್ಯೂಟರಿನ ಹಾಳೆ ಮಾತ್ರ ನೆಟ್ಟಗೆ ಬಂತು. ಎರಡಕ್ಕೂ ಇದ್ದದ್ದು ಅದೊಂದೇ ಪ್ರಿಂಟರ್. ಹಾಗೆ ಹಂಚಿಕೊಳ್ಳುವಂತೆ ಜೋಡಿಸಿದವನು ಅವಳ ಗಂಡ ಕುತುಬುದ್ದೀನ್. ಮೇ ತಿಂಗಳಲ್ಲಿ ಅವನು ಜ್ವರದಿಂದ ತೀರಿಕೊಂಡ. ಗಂಡ ಸತ್ತವರು ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನವನ್ನು ಮನೆಯೊಳಗೇ ಕಳೆದು, ಬಿ.ಎಸ್ಸಿ. ಓದಿದ್ದ ಖುರ್ಷೀದಾ ತಾತ್ಕಾಲಿಕವಾಗಿ ಅವನ ಕುರ್ಚಿಗೆ ಬಂದಿದ್ದಳು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಕೂತವರಿಗೆ ಕೇಳಿಸುವಂತೆ ಎಲ್ಲರ ಮಾತೂ ದೂರದಿಂದ ಕೇಳುತ್ತಿತ್ತು.

ಮ್ಯಾನೇಜರ್ ಕುಬೇರಪ್ಪ ಹಾಳೆ ನೋಡಿ ಮುಖ ಕಿವಿಚಿದರು. "ಮೂರು ಗಂಟೆಗೆ ಬೆಂಗಳೂರು ಆಫೀಸಿನೋರು ಬರ್ತಾರಮ್ಮ. ಎರಡರ ಹಾಳೆನೂ ಒಂದೇ ಥರ ಬಂದ್ರೆ ನಿಮ್ ಕೆಲಸ ಖಾಯಂ. ಇಲ್ಲಾಂದ್ರೆ ಯೂನಿಕ್ಸ್ ಪೆಟ್ಟಿಗೆ ಮಾರ್ರಿ ಅಂತಾರೆ. ಅದು ಹೋದ್ರೆ ನಿಮ್ಮನ್ನ ಹೆಂಗೆ ಇಟ್ಕಳ್ಳದು?"

"ನೋಡ್ತೀನಿ ಸರ್," ಅಂದಳು.

ಸಾಲು ಮುಗಿದಾಗ ಡಾಸ್ ಎರಡು ಆಜ್ಞೆ ಕೊಡುತ್ತದೆ: ಕೆಳಗಿಳಿ, ಎಡಕ್ಕೆ ಮರಳು. ಯೂನಿಕ್ಸ್ ಕೆಳಗಿಳಿ ಎಂದಷ್ಟೇ ಹೇಳುತ್ತದೆ. ಎಡಕ್ಕೆ ಮರಳುವುದನ್ನು ಪ್ರಿಂಟರ್ ತಾನೇ ಮಾಡಬೇಕು. ಅದಕ್ಕೊಂದು ಸ್ವಿಚ್ಚಿದೆ. ಖುರ್ಷೀದಾ ಪ್ರಿಂಟರಿನ ಹಿಂಬದಿಯ ಮುಚ್ಚಳ ತೆಗೆದಳು. ಅಕ್ಕಿಕಾಳಿನಷ್ಟು ದಪ್ಪದ ಎಂಟು ಸ್ವಿಚ್ಚುಗಳು, ಎಲ್ಲವೂ ಮೇಲ್ಮುಖವಾಗಿ. ಸಂದಿಯಲ್ಲಿ ಅರಿಶಿನ.

"ಇದನ್ನ ಮುಟ್ಟಿದ್ರಾ ಮಾಳಿಂಗಪ್ಪಾರೆ?"

"ಆಯುಧಪೂಜೆಗೆ ಒರೆಸಿದ್ನಲ್ರೀ. ಮೂರನೇದು ಒಂದೇ ಕೆಳಗೆ ಕುಂತಿತ್ತು. ದೇವರ ಮುಂದೆ ನೀಟಾಗಿರ್ಲಿ ಅಂತ ಪಿನ್ನಲ್ಲಿ ಎತ್ತಿ ಸಾಲಿಗೆ ತಂದೆ. ಯಾಕ್ರೀ, ತಪ್ಪಾತಾ?"

"ಇಲ್ಲ, ಬಿಡ್ರಿ."

ಅದನ್ನು ಕೆಳಗೆ ಒತ್ತಿದವನು ಕುತುಬುದ್ದೀನ್. ಒತ್ತಿದ ದಿನ ರಾತ್ರಿ ಊಟಕ್ಕೆ ಕೂತು, ಪೆನ್ನಿನ ಮೊನೆಯಲ್ಲಿ ಒಂದು ಸಲ ಒತ್ತಿದೆ, ಎರಡು ಯಂತ್ರಗಳ ಜಗಳ ಬಗೆಹರಿಯಿತು ಎಂದು ಬೀಗಿದ್ದ. ಖುರ್ಷೀದಾ ಅದರ ಮೇಲೆ ಉಗುರಿಟ್ಟಳು. ಎದೆಯಲ್ಲಿ ಏನಾದರೂ ಅಲುಗೀತೆಂದು ಕಾದಳು. ಏನೂ ಅಲುಗಲಿಲ್ಲ.

"ಕೆಳಗೆ ಮಾಡ್ಲೇನ್ರಿ?" ಮಾಳಿಂಗಪ್ಪ ಗುಂಡುಪಿನ್ನು ಹಿಡಿದು ಬಂದ.

"ಬ್ಯಾಡ. ಮುಂದಿನ ವರ್ಷ ಮತ್ತೆ ಒರೆಸ್ತೀರಿ. ಹಂಗೇ ಇರ್ಲಿ."

ಮುಚ್ಚಳ ಹಾಕಿ, ಕೀಲಿಮಣೆಯ ಮುಂದೆ ಕೂತಳು. ಎಡಕ್ಕೆ ಮರಳು ಎಂದು ಯೂನಿಕ್ಸೇ ಹೇಳುವಂತೆ ಒಂದು ಸಾಲಿನ ಆಜ್ಞೆ ಸೇರಿಸಿದಳು. ಗಂಡ ಮಾಡಿಟ್ಟಿದ್ದರ ಅಗತ್ಯ ಅಲ್ಲಿಗೆ ಮುಗಿಯಿತು. ಅದು ಅವಳಿಗೆ ಗೊತ್ತಿತ್ತು, ಅಷ್ಟೆ.

ಮೂರು ಗಂಟೆಗೆ ಬಂದ ಬೆಂಗಳೂರಿನ ಅಧಿಕಾರಿ ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಯಾವುದು ಯಾವ ಯಂತ್ರದ್ದೆಂದು ತಿಳಿಯಲಿಲ್ಲ.

"ಇವರನ್ನು ಖಾಯಂ ಮಾಡಿ," ಎಂದು ಕುಬೇರಪ್ಪನವರಿಗೆ ಹೇಳಿ, ಖುರ್ಷೀದಾಳ ಕಡೆ ತಿರುಗಿದರು. "ಅಂಚಿನ ಅಳತೆ ಎಷ್ಟು, ನೋಡಿ ಹೇಳಮ್ಮ."

"ನಗ್ರಮ್ಮ ಈಗಾದ್ರೂ," ಕುಬೇರಪ್ಪ ಪಿಸುಗುಟ್ಟಿದರು.

ಖುರ್ಷೀದಾ ಸ್ಕೇಲು ತೆಗೆದುಕೊಂಡು ಅಳೆದಳು. ಎರಡೂ ಹಾಳೆಗಳಲ್ಲಿ ಎಡ ಅಂಚು ಹದಿನೆಂಟು ಮಿಲಿಮೀಟರ್.