ಚೌಡವ್ವ ಹಿಡಿದ ಪಥ್ಯ

ಶಿಗ್ಗಾಂವಿ ಸರಕಾರಿ ದವಾಖಾನೆಯ ಕಂಪೌಂಡರ್ ಹಜರತಅಲಿಗೆ ಬಾಯಿಯೇ ಬಂಡವಾಳ. ಸಾವಿರದ ಒಂಬೈನೂರ ಅರವತ್ಮೂರರ ದೀಪಾವಳಿ ಮುಗಿದ ಮೇಲೆ, ಹುಲಗೂರಿನ ಉಡಚವ್ವನಿಗೆ ಕ್ಷಯ ಎಂದು ಡಾಕ್ಟರು ಹೇಳಿದ ದಿನವೂ ಅವನು ಔಷಧದ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಧೈರ್ಯ ತುಂಬಿದ್ದ.

"ತಂಗೀ, ಈಗ ಮೊದಲಿನ ಕಾಲ ಅಲ್ಲ. ಒಂದೂವರಿ ವರ್ಷ ಬಿಡದ ಗುಳಿಗಿ ತಗೋ, ಗಟ್ಟಿ ಆಗ್ತಿ. ಪಥ್ಯ ಗಿಥ್ಯ ಏನೂ ಇಲ್ಲ."

ಉಡಚವ್ವ ಕೇಳಿದ್ದು ಒಂದೇ. "ಕೂಸನ್ನ ಯಾವಾಗ ಎತಗೊಳ್ಳಲಿರಿ?"

ರೋಗ ಹತ್ತೀತೆಂದು ಕೂಸನ್ನು ಗೊಟಗೋಡಿಯ ತವರಿಗೆ ಕಳಿಸಿದ್ದರು.

"ಕಫದಾಗ ರೋಗ ಕಾಣದಂಗ ಆಗ್ಲಿ, ಎತ್ತಿ ಕುಣಿಸುವಂತಿ!" ಎಂದು ಜೊತೆಗೆ ಬಂದಿದ್ದ ಅತ್ತೆಯ ಕೈಗೆ ಗುಳಿಗೆಯ ಪೊಟ್ಟಣ ಇಟ್ಟ.

ಮೂರು ತಿಂಗಳ ನಂತರ ಅತ್ತೆ ಚೌಡವ್ವ ಸೊಸೆಯನ್ನು ಮತ್ತೆ ಕರೆತಂದಳು. ಉಡಚವ್ವ ಕೈ ಎತ್ತಿದರೆ ಬಳೆ ಮೊಣಕೈಗೆ ಜಾರುತ್ತಿದ್ದವು. ಚೌಡವ್ವ ಸೆರಗಿನ ಗಂಟು ಬಿಚ್ಚಿದರೆ ಅರ್ಧಕ್ಕರ್ಧ ಗುಳಿಗೆ ಹಾಗೇ ಇದ್ದವು.

"ಇದೇನ ಯವ್ವಾ, ಬೀಜಕ್ಕ ಇಟ್ಟೀರೇನು?"

"ಪಥ್ಯ ಮುರಿದ ಮ್ಯಾಲೆ ಹ್ಯಾಂಗ ಕೊಡ್ಲಿರಿ ಸಾಬರ? ನೀವು ಸಣ್ಣಾವರು, ಪಥ್ಯ ಹೇಳೂದು ಮರತೀರಿ ಅಂತ ನಾನ ಹಚ್ಚಿದೆ. ಉಪ್ಪಿಲ್ಲ, ಖಾರಿಲ್ಲ, ಎಣ್ಣಿಯಿಲ್ಲ, ಬರೇ ನುಚ್ಚು. ಎಳ್ಳ ಅಮಾಸಿಗೆ ಭೂಮಿತಾಯಿಗೆ ಚರಗ ಚೆಲ್ಲಾಕ ಹೊಲಕ್ಕ ಹೋದಾಗ ಈಕಿ ಕದ್ದು ಬದನಿ ಎಣ್ಣಿಗಾಯಿ ತಿಂದ್ಲು. ಅದರ ಮ್ಯಾಲೆ ಗುಳಿಗಿ ಬಿದ್ರ ನಂಜಾಗೂದಿಲ್ಲಾ? ವಾರಗಟ್ಲೆ ತಡದೆ. ಮತ್ತ ಶುರು ಮಾಡೂದ್ರಾಗ ಬೀಗರು ಬಂದ್ರು, ಹೋಳಿಗಿ ಆತು..."

"ಒಂದ ಹೋಳು ತಿಂದಿದ್ದೆ ರೀ," ಎಂದಳು ಉಡಚವ್ವ ನೆಲ ನೋಡುತ್ತ.

"ಪಥ್ಯ ಇಲ್ಲಂತ ಹೇಳಿದ್ನಲ್ಲಾ!"

"ಪಥ್ಯಿಲ್ಲದ್ದು ಎಂಥಾ ಔಷಧರಿ? ಪುಠಾಣಿ ಕಾಳು ತಿಂದಂಗ?"

ಹಜರತಅಲಿಗೆ ಸಿಟ್ಟು ನೆತ್ತಿಗೇರಿತು. ಬೈದರೆ ಈಕೆ ನಾಳೆಯಿಂದ ಬರುವುದೇ ಇಲ್ಲ, ಸೊಸೆ ಉಳಿಯುವುದಿಲ್ಲ ಎಂಬುದೂ ತಿಳಿಯಿತು. ದನಿ ಇಳಿಸಿ ಕೇಳಿದ. "ಹೋಗ್ಲಿ ಬಿಡ್ರಿ. ನಿಮ್ಮ ಜಲ್ಮದಾಗ ಭಾಳ ಬಿರಸು ಪಥ್ಯ ಯಾವುದು ಹಿಡದಿದ್ರಿ?"

ಚೌಡವ್ವನ ಮುಖ ಅರಳಿತು. "ಮಗಗ ಕಾಮಾಲಿ ಆದಾಗರಿ! ಮನಿಯಾಗ ಒಗ್ಗರಣಿ ವಾಸನಿ ಸೈತ ಏಳಗೊಡಲಿಲ್ಲ. ಅವರಪ್ಪ ಸಿಟ್ಟಾಗಿ ತನ್ನ ತಂಗಿ ಮನಿಗೆ ಉಣ್ಣಾಕ ಹೋಗ್ತಿದ್ದ. ಹೋಗ್ಲಿ ಅಂದೆ!"

ಇಂಥ ಹೆಂಗಸಿನ ಕೈಗೆ ತಾನು ಗುಳಿಗೆಯನ್ನಷ್ಟೇ ಕೊಟ್ಟಿದ್ದ, ಹಟ ಹಿಡಿದು ಮಾಡುವ ಕೆಲಸ ಕೊಟ್ಟಿರಲಿಲ್ಲ ಎಂದು ಹಜರತಅಲಿಗೆ ಆಗ ಹೊಳೆಯಿತು.

"ಹಂಗಾರ ಕೇಳ್ರಿ. ಇದಕ್ಕೂ ಒಂದು ಪಥ್ಯ ಐತಿ. ಹೇಳದಿದ್ದದ್ದು ನನ್ನ ತಪ್ಪು. ಹಬ್ಬ ಬರ್ಲಿ, ಹೆಣ ಬೀಳ್ಲಿ, ಗುಳಿಗಿ ತಪ್ಪಬಾರದು. ಕೆಮ್ಮು ನಿಂತ್ರೂ ಬಿಡಂಗಿಲ್ಲ. ಹೊಟ್ಟಿ ಬರಿದಿರಬಾರದು. ರೊಟ್ಟಿ, ಬ್ಯಾಳಿ, ಹಾಲು, ಎಲ್ಲಾ ಬೇಕು. ಕಣ್ಣು ಹಳದಿ ಆದ್ರ, ವಾಂತಿ ನಿಲ್ಲದಿದ್ರ ತಡಾ ಮಾಡದ ಇಲ್ಲಿಗೆ ಬರ್ರಿ. ಭಾಳ ಮಂದಿ ನಡುವ ಕೈಬಿಟ್ಟಾರ. ನಿಮ್ಮ ಕೈಲೆ ಆಗ್ತೈತೋ ಇಲ್ಲೋ..."

"ಯಾರ ಕೈಲೆ?" ಚೌಡವ್ವ ಸೆರಗು ಸಿಗಿಸಿದಳು. ಮತ್ತೆ ಅನುಮಾನ ಬಂತು. "ಎಣ್ಣಿಗಾಯಿನೂ ಪಥ್ಯದಾಗ ಬರ್ತೈತೇನ್ರಿ?"

"ಬರ್ತೈತಿ. ಎಣ್ಣಿ ಕಡಿಮಿ ಬಿದ್ರ ನಿಮ್ಮನ್ನ ಕೇಳಾಂವ ನಾ."

ಉಡಚವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು.

ಆಮೇಲಿನ ಸುದ್ದಿಗಳೆಲ್ಲ ಹುಲಗೂರಿನಿಂದ ಬಂದವರ ಬಾಯಲ್ಲಿ. ಚೌಡವ್ವನ ಮೈದುನ ತೀರಿಕೊಂಡಿದ್ದ. ಹೆಣದ ಮುಂದೆ ಕುಳಿತು ಹಾಡಾಡಿಕೊಂಡು ಅಳುತ್ತಿದ್ದವಳು ನಡುವೆಯೇ ಎದ್ದಳಂತೆ. ಮಂದಿ ಮೂಗಿನ ಮೇಲೆ ಬೆರಳಿಟ್ಟರೂ ಪಕ್ಕದ ಮನೆಯಿಂದ ರೊಟ್ಟಿ ತಂದು ಸೊಸೆಗೆ ಉಣ್ಣಿಸಿ, ಗುಳಿಗೆ ನುಂಗಿಸಿ, ಬಂದು ಬಿಟ್ಟ ಸಾಲಿನಿಂದಲೇ ಅಳು ಎತ್ತಿಕೊಂಡಳಂತೆ.

ಮುಂಗಾರಿನ ಹೊತ್ತಿಗೆ ಡಾಕ್ಟರು ಕಫ ನೋಡಿ, ರೋಗ ಕಾಣುವುದಿಲ್ಲ, ಕೂಸನ್ನು ಕರೆತರಬಹುದು ಎಂದರು. ಉಡಚವ್ವ ಓಡುತ್ತಲೇ ಕಿಟಕಿಗೆ ಬಂದಳು. ಮುಖ ತುಂಬಿಕೊಂಡಿತ್ತು.

"ಹಂಗಾರ ಗುಳಿಗಿ ಮುಗಿದಂಗ ಏನ್ರೀ ಅಣ್ಣಾರ?"

ಹಜರತಅಲಿ ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಚೌಡವ್ವನ ದನಿ ಬಂತು.

"ಮುಗಿದಂಗ ಅಂತ, ಮುಗಿದಂಗ! ಪಥ್ಯ ಅರ್ಧಾನೂ ಆಗಿಲ್ಲ, ಈಗ ಬಿಟ್ರ ಕೂಸಿನ ಎದುರಿಗೇ ಕೆಮ್ಮತಿ. ಸಾಬರ, ನೀವು ಸುಮ್ಕ ಗುಳಿಗಿ ಕಟ್ರಿ. ಕೂಸನ್ನ ತರಬೇಕು, ಗೊಟಗೋಡಿ ಬಸ್ಸು ಬರೂ ಹೊತ್ತಾತು."